ಉಗುರಿನ ನಾದ

ಸುರಪುರದಲ್ಲಿ ಟೇಲರ್ ಸಾಹೇಬನ ಹೆಸರು ಇನ್ನೂ ಮಾಸಿಲ್ಲ. ಗುಡ್ಡದ ಮೇಲೆ ಅವನಿದ್ದ ಬಂಗಲೆಯನ್ನು ಜನ ಇಂದಿಗೂ ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ. 1841ರಿಂದ 1853ರವರೆಗೆ ಈ ಸಂಸ್ಥಾನದ ಆಡಳಿತ ನೋಡಿಕೊಂಡವನು. ಎಳೆಯ ರಾಜ ವೆಂಕಟಪ್ಪ ನಾಯಕನಿಂದ ‘ಅಪ್ಪಾ’ ಎಂದು ಕರೆಸಿಕೊಂಡವನು. ಠಕ್ಕರ ಕಥೆ ಬರೆದು ಇಂಗ್ಲೆಂಡಿನಲ್ಲಿ ಹೆಸರಾದವನು. ಇಷ್ಟನ್ನು ನಮ್ಮ ಕಡೆಯವರು ಬಲ್ಲರು. ಅವನ ನಂಟಿನ ಇನ್ನೊಂದು ತುದಿ ಐರ್ಲೆಂಡಿನಲ್ಲಿತ್ತೆಂಬುದನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ. ಭಾರತವನ್ನು ಬಿಟ್ಟ ಮೇಲೆ ಅವನು ಮನೆ ಮಾಡಿದ್ದು ಡಬ್ಲಿನ್ ನಗರದಲ್ಲಿ. ರಾಜನಕೋಳೂರಿನ ಕಲ್ಲುಮನೆಗಳ ವಿವರವನ್ನು ಅಲ್ಲಿಯ ರಾಯಲ್ ಐರಿಷ್ ಅಕಾಡೆಮಿಯ ಪಂಡಿತರ ಮುಂದಿಟ್ಟ. ಕರ್ನಲ್ ಫ್ರೆಂಚ್ ಎಂಬಾತ ಭಾರತದ ವಾದ್ಯಗಳ ಸಂಗ್ರಹವೊಂದನ್ನು ಅದೇ ಅಕಾಡೆಮಿಗೆ ಕೊಟ್ಟಾಗ, ಅವುಗಳ ವಿವರಣೆಯ ಪಟ್ಟಿಯನ್ನು ಬರೆದವನೂ ನಮ್ಮ ಟೇಲರನೇ. ಅದು 1860ರ ದಶಕದ ಮಾತು.

ಈ ಪಟ್ಟಿಯ ಸಂಗತಿ ತಿಳಿದಂದಿನಿಂದ ನನಗೊಂದು ಕುತೂಹಲ. ನಮ್ಮ ವಾದ್ಯಗಳು ಡಬ್ಲಿನ್ನಿಗೆ ಹೋದವು, ಸರಿ. ಅಲ್ಲಿಯವರ ಸ್ವಂತ ವಾದ್ಯ ಏನಾಗಿತ್ತು? ಐರ್ಲೆಂಡಿನ ಲಾಂಛನವೇ ಹಾರ್ಪ್. ಅವರ ನಾಣ್ಯದ ಮೇಲೆ ಅದೇ, ಸರಕಾರದ ಮುದ್ರೆಯಲ್ಲಿ ಅದೇ. ಆದರೆ ಟೇಲರ್ ನಮ್ಮ ತಂತಿಗಳ ವರ್ಣನೆ ಬರೆಯುತ್ತ ಕುಳಿತಿದ್ದ ಹೊತ್ತಿಗೆ, ಹಾರ್ಪನ್ನು ಹಳೆಯ ರೀತಿಯಲ್ಲಿ ನುಡಿಸುವ ಕೈ ಆ ದೇಶದಲ್ಲಿ ಅಳಿದುಹೋಗಿತ್ತು.

ಸ್ವರಮಂಡಲವನ್ನು ನೋಡಿದವರು ಹಾರ್ಪನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಮೂರು ಮೂಲೆಯ ಮರದ ಚೌಕಟ್ಟು, ಸ್ವರಕ್ಕೊಂದರಂತೆ ತಂತಿ, ಎರಡೂ ಕೈಗಳಿಂದ ಮೀಟುವುದು. ಹಳೆಯ ಐರಿಷ್ ಹಾರ್ಪನ್ನು ಎಡಭುಜಕ್ಕೆ ಒರಗಿಸಿಕೊಳ್ಳುತ್ತಿದ್ದರು. ಎಡಗೈಗೆ ಮೇಲಿನ ಸ್ವರ, ಬಲಗೈಗೆ ಕೆಳಗಿನದು. ಈಗಿನ ಹಾರ್ಪ್ ವಾದಕರದು ಇದಕ್ಕೆ ತೀರ ತಿರುಗುಮುರುಗು. ಮತ್ತು ಆ ಹಳೆಯದಕ್ಕೆ ಬಿಗಿಯುತ್ತಿದ್ದುದು ಹಿತ್ತಾಳೆಯ ತಂತಿ.

ಆ ಹಳೆಯ ಕೈಗಳಲ್ಲಿ ಕೊನೆಯದು ಡೆನಿಸ್ ಹೆಂಪ್ಸನ್ನನದು. ಆತ 1695ರಲ್ಲಿ ಹುಟ್ಟಿ 1807ರಲ್ಲಿ ತೀರಿಕೊಂಡನೆಂದು ಹೇಳುತ್ತಾರೆ. ಲೆಕ್ಕ ಹಾಕಿ ಓದುಗರು ಹುಬ್ಬೇರಿಸುವುದು ಬೇಡ. ನೂರು ಮುಟ್ಟಿದ ಮುದುಕರಿಗೆ ಇನ್ನೊಂದಿಷ್ಟು ವರ್ಷ ಕೂಡಿಸುವ ಪ್ರೀತಿ ಎಲ್ಲ ದೇಶದಲ್ಲೂ ಉಂಟು. ಮೂರನೆಯ ವರ್ಷಕ್ಕೆ ಸಿಡುಬು ಬಂದು ಕಣ್ಣು ಹೋದವು. ಹನ್ನೆರಡಕ್ಕೆ ಬ್ರಿಜೆಟ್ ಓಕೇನ್ ಎಂಬ ಹೆಂಗಸು ಪಾಠ ಹೇಳಿದಳು. ಹದಿನೆಂಟಕ್ಕೆ ಮೂವರು ಗೃಹಸ್ಥರು ಕೂಡಿ ಅವನಿಗೊಂದು ಹಾರ್ಪ್ ಕೊಡಿಸಿದರು. ಅದನ್ನು ಹೊತ್ತು ಐರ್ಲೆಂಡ್, ಸ್ಕಾಟ್ಲೆಂಡುಗಳಲ್ಲಿ ಹತ್ತು ವರ್ಷ ತಿರುಗಿದ. ದೊಡ್ಡ ಮನೆಯೊಂದರಲ್ಲಿ ನಾಲ್ಕು ದಿನ, ಇನ್ನೊಂದರಲ್ಲಿ ವಾರ, ನುಡಿಸಿದರೆ ಊಟ. ಕಣ್ಣಿಲ್ಲದವರು ನಾದವನ್ನೇ ಕೋಲಾಗಿ ಹಿಡಿದು ನಡೆದುದನ್ನು ನಾವೂ ಬಲ್ಲೆವು. ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಇಲ್ಲಿ ನೆನಪಾಗದೆ ಇರರು. ಆದರೆ ಗವಾಯಿಗಳ ಹಿಂದೆ ಶಿಷ್ಯರ ದಂಡೇ ಇತ್ತು. ಹೆಂಪ್ಸನ್ನನ ರೀತಿ ಅವನೊಂದಿಗೇ ಹೋಯಿತು.

1792ರ ಜುಲೈ ತಿಂಗಳಲ್ಲಿ ಬೆಲ್‌ಫಾಸ್ಟ್ ಪಟ್ಟಣದ ಕೆಲವರು, ಉಳಿದಿರುವ ವಾದಕರನ್ನೆಲ್ಲ ಒಂದೆಡೆ ಸೇರಿಸಬೇಕೆಂದು ಸಭೆ ಕರೆದರು. ಇಡೀ ದೇಶದಿಂದ ಬಂದವರು ಹತ್ತು ಜನ. ಅವರಲ್ಲಿ ಆರು ಜನ ಕುರುಡರು. ಹೆಂಪ್ಸನ್ನನಿಗೆ ಆಗ ತೊಂಬತ್ತೇಳು ಎಂದು ಎಣಿಕೆ. ಸ್ವರಗಳನ್ನು ಬರೆದುಕೊಳ್ಳಲು ಎಡ್ವರ್ಡ್ ಬಂಟಿಂಗ್ ಎಂಬ ಹತ್ತೊಂಬತ್ತರ ತರುಣನನ್ನು ನೇಮಿಸಿದ್ದರು. ಚರ್ಚಿನಲ್ಲಿ ಆರ್ಗನ್ ನುಡಿಸುವ ಹುಡುಗ.

ಬಂಟಿಂಗ್ ಮುದುಕನ ಬೆರಳನ್ನು ಕಂಡು ಬೆರಗಾದ. ಉಳಿದ ಒಂಬತ್ತು ಜನರೂ ಬೆರಳ ತುದಿಯ ಮಾಂಸದಿಂದ ತಂತಿಯನ್ನು ಎಳೆಯುತ್ತಿದ್ದರು. ಹೆಂಪ್ಸನ್ ಒಬ್ಬನೇ ಉದ್ದವಾಗಿ ಬೆಳೆಸಿದ ಡೊಂಕು ಉಗುರಿನವನು. ಉಗುರಿಗೂ ಮಾಂಸಕ್ಕೂ ನಡುವೆ ತಂತಿಯನ್ನು ಸಿಕ್ಕಿಸಿ ಬಿಡುತ್ತಿದ್ದ. ಹಿತ್ತಾಳೆಯ ತಂತಿಯ ಗುಣ ತಂಬೂರಿ ಹಿಡಿದವರಿಗೆ ಗೊತ್ತು: ಒಮ್ಮೆ ನುಡಿದರೆ ಬೇಗ ಸುಮ್ಮನಾಗುವುದಿಲ್ಲ. ಒಂದು ಸ್ವರದ ಬಾಲ ಇನ್ನೊಂದರ ತಲೆಗೆ ಸುತ್ತಿಕೊಂಡರೆ ಕೇಳುವವನಿಗೆ ಬರಿಯ ಗದ್ದಲ. ಆದ್ದರಿಂದ ಒಂದು ಬೆರಳು ತಂತಿಯನ್ನು ನುಡಿಸುತ್ತಿರುವಾಗ ಇನ್ನೊಂದು ಹಿಂದಿನ ತಂತಿಯನ್ನು ಮುಟ್ಟಿ ಮೌನ ಮಾಡಬೇಕು. ಯಾವುದನ್ನು ಮೊಳಗಲು ಬಿಡುವುದು, ಯಾವುದನ್ನು ತಡೆಯುವುದು, ಇದರಲ್ಲಿಯೇ ಅರ್ಧ ವಿದ್ಯೆ. ಕೆಳಗಿನ ದಪ್ಪ ತಂತಿಗಳ ಗಂಭೀರ ನಾದದ ಮೇಲೆ ಸಣ್ಣ ತಂತಿಗಳು ಕಿಣಿಕಿಣಿ ಎನ್ನುವುದನ್ನು ಬಂಟಿಂಗ್ ಕೊನೆಯವರೆಗೂ ಮರೆಯಲಿಲ್ಲ.

ನನಗೆ ತೀರ ಹಿಡಿಸಿದ ಸಂಗತಿ ಇನ್ನೊಂದಿದೆ. ಹಾರ್ಪಿನ ಮೂವತ್ತು ತಂತಿಗಳ ನಡುವೆ ಒಂದೇ ಸ್ವರಕ್ಕೆ ಕೂಡಿಸಿದ ಎರಡು ತಂತಿಗಳಿರುತ್ತಿದ್ದವು. ಶ್ರುತಿ ಮಾಡುವಾಗ ಮೊದಲು ಇವನ್ನು ಕೂಡಿಸಿಕೊಂಡೇ ಉಳಿದವುಗಳ ಕಡೆಗೆ ಹೋಗಬೇಕು. ಅವುಗಳಿಗೆ ವಾದಕರು ಇಟ್ಟ ಹೆಸರು ‘ಅಕ್ಕತಂಗಿಯರು’. ನಮ್ಮ ತಂಬೂರಿಯ ನಡುವಣ ಎರಡು ತಂತಿಗಳೂ ಒಂದೇ ಷಡ್ಜಕ್ಕೆ ನಿಲ್ಲುತ್ತವೆ. ಅವಕ್ಕೆ ನಾವು ಜೋಡಿ ಎನ್ನುತ್ತೇವೆ. ಇಲ್ಲಿಂದ ಅಲ್ಲಿಗೆ ಯಾರೋ ಒಯ್ದರು, ಅಲ್ಲಿಂದ ಇಲ್ಲಿಗೆ ಯಾರೋ ತಂದರು ಎಂದು ವಾದ ಹೂಡುವ ಆಸೆ ನನಗಿಲ್ಲ. ಎರಡು ತಂತಿ ಪೂರ್ತಿ ಕೂಡಿದಾಗ ಆಗುವ ಸುಖವನ್ನು ಕಿವಿಯುಳ್ಳ ಯಾವ ಜನವಾದರೂ ತಾನೇ ಕಂಡುಕೊಂಡೀತು.

ಹೆಂಪ್ಸನ್ ಹಟಮಾರಿ. ಅವನ ಕಾಲಕ್ಕೆ ಟರ್ಲೋ ಓ’ಕ್ಯಾರೊಲನ್ (1670–1738) ಎಂಬ ಇನ್ನೊಬ್ಬ ಅಂಧ ವಾದಕನ ರಚನೆಗಳು ಮನೆಮಾತಾಗಿದ್ದವು. ಅವು ಹೊಸ ಮಾದರಿಯವೆಂದು ಮುದುಕ ಅವನ್ನು ಮೆಚ್ಚಲಿಲ್ಲ. ಹಳೆಯ ಧಾಟಿಗಳೇ ಸಾಕೆಂದ. ಎಂಬತ್ತಾರರಲ್ಲಿ ಮದುವೆಯಾದವನು ಸಂಗೀತದಲ್ಲಿ ಮಾತ್ರ ಹೊಸದನ್ನು ಬೇಡವೆಂದದ್ದು ಸೋಜಿಗವೇ. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಹಾರ್ಪನ್ನೂ ಹೊದಿಕೆಯೊಳಗೇ ಇಟ್ಟುಕೊಂಡು ಮಲಗುತ್ತಿದ್ದ. ಸಾಯುವ ಹಿಂದಿನ ದಿನವೂ ಎಬ್ಬಿಸಿ ಕೂಡಿಸಿಕೊಂಡು ನಾಲ್ಕು ಸ್ವರ ನುಡಿಸಿದನಂತೆ. 1702ರಲ್ಲಿ ಕೊರ್ಮಾಕ್ ಓ’ಕೆಲ್ಲಿ ಎಂಬ ಕುಶಲಿ ಮಾಡಿದ ಆ ಹಾರ್ಪ್ ಈಗಲೂ ಡಬ್ಲಿನ್ನಿನಲ್ಲಿದೆ.

ಬಂಟಿಂಗ್ 1796, 1809, 1840ರಲ್ಲಿ ಮೂರು ಸಂಪುಟಗಳನ್ನು ಅಚ್ಚು ಹಾಕಿಸಿದ. ಅವನ ಋಣ ದೊಡ್ಡದು. ಅವನಿಲ್ಲದಿದ್ದರೆ ಎಷ್ಟೋ ಧಾಟಿಗಳು ಉಳಿಯುತ್ತಿರಲಿಲ್ಲ. ಆದರೆ ಅಚ್ಚಾದದ್ದು ಪಿಯಾನೋಗೆ ಹೊಂದಿಸಿದ ರೂಪ. ಪುಸ್ತಕ ಕೊಳ್ಳುವವರ ಮನೆಯಲ್ಲಿ ಇದ್ದದ್ದು ಪಿಯಾನೋ ತಾನೆ! ಡಬ್ಲಿನ್ನಿನ ಜಾನ್ ಈಗನ್ ಚಿಕ್ಕ ಹೊಸ ಹಾರ್ಪುಗಳನ್ನು ಮಾಡಿದ. ಅವಕ್ಕೆ ಕರುಳಿನ ತಂತಿ, ಬೆರಳ ತುದಿಯಿಂದ ನುಡಿಸುವುದು. ಉಗುರಿಗೆ ಕೆಲಸವೇ ಉಳಿಯಲಿಲ್ಲ. ಅದೃಷ್ಟಕ್ಕೆ ಬಂಟಿಂಗ್ ಕೊನೆಯ ಸಂಪುಟದಲ್ಲಿ ವಾದಕರು ಬಳಸುತ್ತಿದ್ದ ಪಾರಿಭಾಷಿಕ ಪದಗಳನ್ನೂ ಬೆರಳಿಡುವ ಕ್ರಮವನ್ನೂ ದಾಖಲಿಸಿದ್ದ. ಸುಮಾರು ಒಂದೂವರೆ ಶತಮಾನ ಕಳೆದ ಮೇಲೆ ಅಮೆರಿಕೆಯ ಆ್ಯನ್ ಹೇಮನ್‌ರಂಥವರು ಆ ಕೆಲವು ಪುಟಗಳನ್ನು ಹಿಡಿದು, ಉಗುರು ಬೆಳೆಸಿ, ಹಿತ್ತಾಳೆಯ ತಂತಿ ಬಿಗಿದು, ಮತ್ತೆ ಮೊದಲಿನಿಂದ ಹುಡುಕತೊಡಗಿದರು. ಒಬ್ಬ ಶಿಷ್ಯ ಎದುರಿಗೆ ಕುಳಿತಿದ್ದರೆ ಆರು ತಿಂಗಳಲ್ಲಿ ಬರುತ್ತಿದ್ದ ವಿದ್ಯೆ ಅದು.

ಇದನ್ನೆಲ್ಲ ಓದುವಾಗ ನನ್ನ ಮನಸ್ಸು ನಮ್ಮ ಸೀಮೆಯ ಏಕತಾರಿಯ ಕಡೆಗೇ ಹೋಗುತ್ತದೆ. ಕಡಕೋಳದ ಮಡಿವಾಳಪ್ಪನವರ ತತ್ವಪದಗಳು ಶಹಾಪುರ, ಸುರಪುರ, ಯಾದಗಿರಿಯ ಹಳ್ಳಿಗಳಲ್ಲಿ ಇನ್ನೂ ಕೇಳಿಬರುತ್ತವೆ. ತಿಂಥಣಿ ಮೌನೇಶ್ವರನ ಜಾತ್ರೆಗೆ ಹೋದರೆ ರಾತ್ರಿಯೆಲ್ಲ ಪದ. ಪದಗಳು ಅಚ್ಚಾಗಿವೆ, ವಿದ್ವಾಂಸರು ಅರ್ಥ ಬರೆದಿದ್ದಾರೆ. ಏಕತಾರಿಯನ್ನು ನುಡಿಸುವ ಬಗೆಯನ್ನು ಬರೆದವರನ್ನು ಮಾತ್ರ ನಾನು ಕಂಡಿಲ್ಲ. ಒಂದೇ ತಂತಿ, ಅದರಲ್ಲಿ ಬರೆಯುವುದೇನು ಎಂದು ಅನ್ನಿಸುವುದು ಸಹಜ.

ಶಹಾಪುರದ ಕಡೆಯ ಒಂದು ಹಳ್ಳಿಯ ಅಮಾವಾಸ್ಯೆಯ ಭಜನೆಯಲ್ಲಿ ನಾನು ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಮೇಳದಲ್ಲಿ ಪೇಟಿ ಇತ್ತು, ತಬಲಾ ಇತ್ತು; ಏಕತಾರಿಯ ಮುದುಕರು ಹಿಂದೆ ಕಂಬಕ್ಕೆ ಒರಗಿದ್ದರು. ಪೇಟಿಯವನು ಕಪ್ಪು ಎರಡಕ್ಕೆ ಸುರು ಹಚ್ಚಿದ. ಮುದುಕರ ತಂತಿ ಅದಕ್ಕೆ ಕೂಡಲಿಲ್ಲ. ಅವರು ಕೂಡಿಸಲೂ ಹೋಗಲಿಲ್ಲ. ನಡುವೆ ಪೇಟಿಯವನು ಚಹಾ ಕುಡಿಯಲು ಎದ್ದುಹೋದಾಗ ಕೇಳಿದೆ:

‘ಮುತ್ಯಾ, ಇದನ್ನ ಯಾವ ಸುರಕ್ಕ ಕೂಡಸ್ತೀರಿ?’

‘ನನ್ನ ಕೊರಳಿಗೆ ಕೂಡಸ್ತೀನ್ರೀ ಸರ. ಇವತ್ತ ಕೊರಳ ಹ್ಯಾಂಗದ, ಹಂಗ.’

ಆಮೇಲೆ ಒಬ್ಬರೇ ಒಂದು ಪದ ಎತ್ತಿಕೊಂಡರು. ಮೊದಲ ನುಡಿಯಲ್ಲಿ ತೋರುಬೆರಳ ಮಾಂಸದಿಂದ ಮೆಲ್ಲಗೆ ಮೀಟುತ್ತಿದ್ದರು. ನಾದ ಗುಂಯ್ ಎಂದು ಬುರುಡೆಯೊಳಗೇ ಉಳಿಯಿತು. ಪದ ಏರಿದಾಗ ಬೆರಳು ತಾನಾಗಿ ಹೊರಳಿ ಉಗುರು ತಾಗಿತು, ತಂತಿ ಟಣ್ ಎಂದಿತು. ನುಡಿಯ ಕೊನೆಗೆ ಹೆಬ್ಬೆರಳನ್ನು ತಂತಿಗೆ ಒತ್ತಿ ಒಂದು ಗಳಿಗೆ ಪೂರ್ತಿ ಮೌನ. ಆ ಮೌನದಲ್ಲಿ ಮುಂದಿನ ಮಾತು ಬಂದು ಬಿದ್ದಾಗ, ಅದುವರೆಗೆ ಹತ್ತು ಸಲ ಕೇಳಿದ ಪದ ನನಗೆ ಹೊಸದಾಯಿತು.

ಮೊಮ್ಮಗ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದ. ಅಜ್ಜನ ಮುಖವೊಂದೇ ಅದರ ತುಂಬ.

‘ತಮ್ಮಾ, ಕೈಯ ಕಡೆ ಹಿಡಿಯಪಾ,’ ಎಂದೆ.

ಮುದುಕರು ನಕ್ಕರು. ‘ಯಾಕ್ರೀ ಸರ, ಮಾರಿಗಿಂತ ಕೈ ಚಂದ ಅದಾವೇನು?’ ಎನ್ನುತ್ತ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ, ತಂತಿಯನ್ನು ಮತ್ತೊಮ್ಮೆ ಬಿಗಿದು ನೋಡಿದರು.