ಬೈರಿಗೆಯಿಂದ ಬ್ಯಾಟರಿ ಡ್ರಿಲ್ಲಿನವರೆಗೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಮರಗೆಲಸದಲ್ಲಿ ತೂತು ಕೊರೆಯುವುದು ಒಂದು ಕಾಲಕ್ಕೆ ಇಬ್ಬರು ಸೇರಿ ಮಾಡುವ ಕೆಲಸವಾಗಿತ್ತು. ಒಬ್ಬರು ಬೈರಿಗೆಯ ತಲೆಯನ್ನು ತೆಂಗಿನ ಗೆರಟೆಯಲ್ಲಿ ಅದುಮಿ ಹಿಡಿದರೆ, ಇನ್ನೊಬ್ಬರು ಅದಕ್ಕೆ ಸುತ್ತಿದ ಹಗ್ಗವನ್ನು ಮಜ್ಜಿಗೆ ಕಡೆದ ಹಾಗೆ ಅತ್ತಿತ್ತ ಎಳೆಯುತ್ತಿದ್ದರು. ಕಿರಾಲುಬೋಗಿಯಂಥ ಗಟ್ಟಿ ಮರದ ಪಕ್ಕಾಸಿಗೆ ಒಂದು ತೂತು ಬೀಳುವಷ್ಟರಲ್ಲಿ ಇಬ್ಬರ ಬೆವರೂ ಇಳಿಯುತ್ತಿತ್ತು. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಮರದ ಮೇಲಂತಸ್ತು, ಚೌಟರ ಅರಮನೆಯ ನವನಾರಿ ಕುಂಜರದ ಕೆತ್ತನೆ ಎಲ್ಲವೂ ಉಳಿ, ಬಾಚಿ, ಕೊಡತಿಗಳ ಕಾಲದವು. ಆ ಉಪಕರಣಗಳಲ್ಲಿ ಕೈಯ ಬಲ ಎಷ್ಟೋ ಅಷ್ಟೇ ವೇಗ. ಕೈ ನಿಂತರೆ ಉಪಕರಣವೂ ನಿಲ್ಲುತ್ತಿತ್ತು.

ಮನೆಗಳಿಗೆ ಕರೆಂಟು ಬಂದ ಮೇಲೆ ವಯರಿನ ಡ್ರಿಲ್ಲು, ಕಟ್ಟಿಂಗ್ ಮಿಷನ್ನು, ಗ್ರೈಂಡರ್ ಬಂದವು. ಕೆಲಸ ಬೇಗ ಸಾಗಿತು, ಭಯವೂ ಜೊತೆಗೇ ಬಂತು. ಪ್ಲಗ್ಗು ಇಲ್ಲದ ವಯರಿನ ಎರಡು ತುದಿಗಳನ್ನು ಸಾಕೆಟ್ಟಿಗೆ ತುರುಕಿ, ಜಾರದಂತೆ ಬೆಂಕಿಕಡ್ಡಿ ಸಿಕ್ಕಿಸಿದ ದೃಶ್ಯವನ್ನು ಇಲ್ಲಿಯ ಗೃಹಪ್ರವೇಶಕ್ಕೆ ಮೊದಲಿನ ಮನೆಗಳಲ್ಲಿ ಕಾಣದವರು ಕಡಿಮೆ. ಎಕ್ಸ್‌ಟೆನ್ಶನ್ ಬಾಕ್ಸಿಗೆ ಪ್ಲಾಸ್ಟಿಕ್ ತೊಟ್ಟೆ ಸುತ್ತಿ, ಒದ್ದೆ ಕೆಂಪುಕಲ್ಲಿನ ಗೋಡೆಯ ಮೇಲೆ ಇಟ್ಟಿರುತ್ತಿದ್ದರು. ಬೆಳ್ತಂಗಡಿ ಕಡೆ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ. ಅಂಥ ಊರಿನಲ್ಲಿ ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು ವಯರಿನ ಮಿಷನ್ನು ಹಿಡಿಯುವುದು ಪ್ರಾಣದ ಜೊತೆ ಆಡುವ ಆಟ. ಜೂನಿನಲ್ಲಿ ಗಾಳಿ ಮಳೆಗೆ ಮರ ಬಿದ್ದು ಕರೆಂಟು ಹೋದರೆ ಕೆಲಸವೂ ಅಲ್ಲಿಗೇ ನಿಲ್ಲುತ್ತಿತ್ತು.

ಬ್ಯಾಟರಿ ಡ್ರಿಲ್ಲು ಜಗತ್ತಿಗೆ ಹೊಸದೇನಲ್ಲ. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ 1961ರಲ್ಲೇ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ಡ್ರಿಲ್ಲನ್ನು ಮಾರುಕಟ್ಟೆಗೆ ತಂದಿತ್ತು. ಆದರೆ ಗಟ್ಟಿ ಮರಕ್ಕೂ ಕಬ್ಬಿಣಕ್ಕೂ ಸಾಲುವ ಬಲ ಬಂದದ್ದು ಲಿಥಿಯಂ ಬ್ಯಾಟರಿಯಿಂದ. 18 ವೋಲ್ಟಿನ ಒಂದು ಪ್ಯಾಕಿನೊಳಗೆ ತಲಾ 3.6 ವೋಲ್ಟಿನ ಐದು ಸೆಲ್ಲುಗಳು ಸಾಲಾಗಿ ಜೋಡಿಸಿರುತ್ತವೆ. ಬಿ.ಸಿ. ರೋಡಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇಂಥವು ಸಿಗತೊಡಗಿದ ಮೇಲೆ ಕೆಲಸದ ಚಹರೆಯೇ ಬದಲಾಯಿತು. ಅಡಿಕೆ ಒಣಗಿಸುವ ಅಂಗಳಕ್ಕೆ ಶೀಟು ಹೊದಿಸುವವರಿಗೆ ಇದರಿಂದ ಆದಷ್ಟು ಉಪಕಾರ ಬೇರೆ ಯಾರಿಗೂ ಆಗಿಲ್ಲ. ಏಣಿಯ ತುದಿಯಲ್ಲಿ ಕಾಲಿಗೆ ತೊಡರುವ ವಯರಿಲ್ಲ. ಮನೆಯಿಂದ ದೂರದ ತೋಟದ ಶೆಡ್ಡಿನಲ್ಲೂ ಸ್ಕ್ರೂ ಬಿಗಿಯಬಹುದು.

ವಯರು ಹೋಯಿತು, ಇನ್ನು ಅಪಾಯವಿಲ್ಲ ಎಂಬ ತಪ್ಪು ತಿಳಿವಳಿಕೆ ಹುಟ್ಟಿದ್ದೂ ಆಗಲೇ. ಗೋಡೆಯೊಳಗೆ ಹುದುಗಿದ ವಯರಿಗೆ ಬ್ಯಾಟರಿ ಡ್ರಿಲ್ಲಿನ ಬಿಟ್ಟು ತಾಗಿದರೂ ಶಾಕ್ ಹೊಡೆಯುತ್ತದೆ. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯುವ ಮುನ್ನ ಮೈನ್ ಸ್ವಿಚ್ ಆಫ್ ಮಾಡಲೇಬೇಕು. ವಯರಿನ ಮಿಷನ್ನಿಗೆ ಬಿಟ್ಟು ಬದಲಿಸುವಾಗ ಪ್ಲಗ್ಗು ಕೀಳುವ ರೂಢಿಯಾದರೂ ಕೆಲವರಿಗಿತ್ತು. ಬ್ಯಾಟರಿ ಮಿಷನ್ನು ಸದಾ ಜೀವಂತವಾಗಿರುತ್ತದೆ, ಬೆರಳು ಟ್ರಿಗರಿಗೆ ತಾಗಿದರೆ ಸಾಕು. ಆದ್ದರಿಂದ ಬಿಟ್ಟು ಅಥವಾ ಬ್ಲೇಡು ಬದಲಿಸುವ ಮೊದಲು ಬ್ಯಾಟರಿಯನ್ನೇ ಕಳಚಿಡಬೇಕು. ತಿರುಗುವ ಬಿಟ್ಟಿನ ಹತ್ತಿರ ಸಡಿಲ ಕೈಗವಸು, ಹೆಗಲ ಮೇಲಿನ ಬೈರಾಸು, ಉದ್ದ ತೋಳಿನ ಅಂಗಿ ಯಾವುದೂ ಕೂಡದು. ಗಂಟಿರುವ ಹಲಸಿನ ಹಲಗೆಯಲ್ಲಿ ಬಿಟ್ಟು ಕಚ್ಚಿಕೊಂಡರೆ ಡ್ರಿಲ್ಲು ಹಿಡಿದವರ ಮಣಿಕಟ್ಟನ್ನೇ ತಿರುಚುತ್ತದೆ. ದೊಡ್ಡ ತೂತಿಗೆ ಪಕ್ಕದ ಹಿಡಿಕೆ ಹಾಕಿ ಎರಡೂ ಕೈಯಲ್ಲಿ ಹಿಡಿಯಬೇಕು, ಗೇರನ್ನು ನಿಧಾನದ ಕಡೆಗೆ ಇಟ್ಟುಕೊಳ್ಳಬೇಕು.

ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದದ್ದು ಗ್ರೈಂಡರಿಗೆ. ಗಾರ್ಡ್ ಕಳಚಿ, ಅದಕ್ಕೆ ಮರ ಕೊಯ್ಯುವ ಹಲ್ಲಿನ ಬ್ಲೇಡು ಹಾಕಿ ಒಂದೇ ಕೈಯಲ್ಲಿ ನಡೆಸುವ ಅಭ್ಯಾಸ ಈ ಮೂರೂ ಊರುಗಳ ಕೆಲಸದ ಸ್ಥಳಗಳಲ್ಲಿ ಕಣ್ಣಿಗೆ ಬೀಳುತ್ತದೆ. ಹಲ್ಲು ಮರದಲ್ಲಿ ಸಿಕ್ಕಿದ ಕ್ಷಣ ಮಿಷನ್ನು ಹಿಂದಕ್ಕೆ ಎಗರುತ್ತದೆ. ಆಗ ಎದುರಿಗಿರುವುದು ಕೊಯ್ಯುವವರ ತೊಡೆ ಅಥವಾ ಕುತ್ತಿಗೆ. ಈ ಅಭ್ಯಾಸಕ್ಕೆ ಯಾವ ಸಮರ್ಥನೆಯೂ ಇಲ್ಲ. ಮರಕ್ಕೆ ಬೇರೆ ಗರಗಸದ ಮಿಷನ್ನಿದೆ. ಕಬ್ಬಿಣ ಕೊಯ್ಯುವಾಗಲೂ ಡಿಸ್ಕಿನ ಮೇಲೆ ನಮೂದಿಸಿದ ವೇಗದ ಮಿತಿ ಮಿಷನ್ನಿನ ವೇಗಕ್ಕಿಂತ ಕಡಿಮೆ ಇರಬಾರದು, ಕಣ್ಣಿಗೆ ಕನ್ನಡಕ ತಪ್ಪಬಾರದು.

ಇನ್ನು ಬ್ಯಾಟರಿಯ ಆರೈಕೆ. ಹಳೆಯ ನಿಕಲ್ ಕ್ಯಾಡ್ಮಿಯಂ ಕಾಲದ "ಪೂರ್ತಿ ಖಾಲಿಯಾಗದೆ ಚಾರ್ಜಿಗೆ ಇಡಬೇಡ" ಎಂಬ ಮಾತು ಇಂದಿಗೂ ಬಾಯಿಂದ ಬಾಯಿಗೆ ಸಾಗುತ್ತಿದೆ. ಲಿಥಿಯಂ ಬ್ಯಾಟರಿಗೆ ಅದು ಸಲ್ಲದು. ಮಿಷನ್ನಿನ ಬಲ ತಗ್ಗಿದ ಕೂಡಲೇ ಚಾರ್ಜಿಗೆ ಹಾಕುವುದೇ ಸರಿ. ಆಟಿ ತಿಂಗಳ ಜಡಿಮಳೆಯಲ್ಲಿ ಕೆಲಸವಿಲ್ಲದೆ ಖಾಲಿ ಬ್ಯಾಟರಿಯನ್ನು ಮೂಲೆಗೆ ಎಸೆದರೆ, ಮಳೆ ಬಿಟ್ಟ ಮೇಲೆ ಚಾರ್ಜರು ಅದನ್ನು ಒಪ್ಪದೇ ಹೋಗಬಹುದು. ಮಿಷನ್ನಿನಿಂದ ಬೇರ್ಪಡಿಸಿ, ಅರ್ಧದಷ್ಟು ಚಾರ್ಜು ಉಳಿಸಿ, ತಂಪಾದ ಒಣ ಜಾಗದಲ್ಲಿ ಇಟ್ಟರೆ ಅದು ಬಾಳುತ್ತದೆ. ಕೆಲಸದಿಂದ ಬಿಸಿಯಾದ ಬ್ಯಾಟರಿಯನ್ನು ಆರಿದ ಮೇಲೆಯೇ ಚಾರ್ಜಿಗೆ ಹಾಕಬೇಕು. ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಮೇಲೆ ಇಲ್ಲವೇ ಪಿಕಪ್ಪಿನ ಗಾಜಿನ ಹಿಂದೆ ಬಿಡಬಾರದು. ಮೊಳೆ, ಸ್ಕ್ರೂಗಳ ಚೀಲದಲ್ಲೇ ಬ್ಯಾಟರಿ ಹಾಕಿದರೆ ಎರಡು ತುದಿಗಳ ನಡುವೆ ಮೊಳೆ ಸಿಕ್ಕಿ ಬೆಂಕಿ ಹತ್ತಬಹುದು.

2019ರ ಆಗಸ್ಟಿನಲ್ಲಿ ಚಾರ್ಮಾಡಿ ಸುತ್ತಿನ ಹಳ್ಳಿಗಳಲ್ಲಿ ನೆರೆ ಮನೆಯೊಳಕ್ಕೇ ನುಗ್ಗಿತ್ತು. ಹಾಗೆ ನೀರಲ್ಲಿ ಮುಳುಗಿದ ಬ್ಯಾಟರಿಯನ್ನು ಒಣಗಿಸಿ ಬಳಸುವ ಆಸೆ ಬೇಡ. ಉಬ್ಬಿದ ಬ್ಯಾಟರಿಗೂ ಇದೇ ಮಾತು. ಮಿಷನ್ನಿಗೆ ಮಾತ್ರ ದಿನದ ಕೊನೆಗೆ ಗಾಳಿಕಿಂಡಿಯ ಹೊಟ್ಟು ತೆಗೆದು, ಒಣಬಟ್ಟೆಯಲ್ಲಿ ಒರೆಸಿದರೆ ಬಹುಮಟ್ಟಿಗೆ ಸಾಕು. ಹಿಂದಿನ ಆಚಾರಿಗಳು ಸಂಜೆ ಉಳಿ ಮಸೆದು ಎತ್ತಿಡಲು ಕೊಡುತ್ತಿದ್ದ ಹೊತ್ತಿಗಿಂತ ಇದು ಕಡಿಮೆಯೇ.

ಕೆಟ್ಟ ಬ್ಯಾಟರಿಯನ್ನು ಗುಜರಿಯವರ ಚೀಲಕ್ಕೂ ಒಲೆಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದರ ವಿಲೇವಾರಿಯ ಹೊಣೆ ತಯಾರಕರದ್ದು. ತುದಿಗಳಿಗೆ ಟೇಪು ಸುತ್ತಿ, ಕೊಂಡ ಅಂಗಡಿಯಲ್ಲಿ ಅಥವಾ ಆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ ಒಪ್ಪಿಸಿ.