ಕುಮಳಿ ಘಾಟಿಯಲ್ಲಿ ಕಾದ ಎಂಜಿನ್

ತಮಿಳುನಾಡಿನ ಲೋವರ್ ಕ್ಯಾಂಪ್ ದಾಟಿ ಕೇರಳದ ಕುಮಳಿಗೆ ಘಾಟಿ ಏರುತ್ತಿದ್ದೀರಿ. ಕಾರು ಹಳೆಯ ಅಂಬಾಸಿಡರ್, ಪೆಟ್ರೋಲ್ ಎಂಜಿನ್. ಮುಂದೆ ಏಲಕ್ಕಿ ತೋಟಕ್ಕೆ ಆಳುಗಳನ್ನು ತುಂಬಿಕೊಂಡ ಜೀಪು ಎರಡನೇ ಗೇರಿನಲ್ಲಿ ಏದುತ್ತಿದೆ. ಬಾನೆಟ್ಟಿನ ಸಂದಿಯಿಂದ ಬಿಸಿಯಾದ ಸಿಹಿ ವಾಸನೆ ಬರುತ್ತದೆ. ಕೂಲಂಟ್ ಎಲ್ಲೋ ಸೋರಿ ಸುಡುತ್ತಿದೆ. ಮುಳ್ಳು ಕೆಂಪು ಗೆರೆಗೆ ಹತ್ತಿರ. ಕುಮಳಿ ಬರಲಿ ಎಂದು ಕಾಯಬೇಡಿ. ಎಡಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ.

ಗುಡ್ಡದ ಮೈಮೇಲೆ ದಪ್ಪ ಕೊಳವೆಗಳು ಇಳಿದಿವೆ. 1895ರಲ್ಲಿ ಬ್ರಿಟಿಷ್ ಎಂಜಿನಿಯರ್ ಪೆನ್ನಿಕ್ವಿಕ್ ಕಟ್ಟಿ ಮುಗಿಸಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಅವುಗಳಲ್ಲಿ ಧುಮುಕಿ, ಲೋವರ್ ಕ್ಯಾಂಪಿನಲ್ಲಿ ವಿದ್ಯುತ್ ಕೊಟ್ಟು, ಕಂಬಂ ಕಣಿವೆಯ ಗದ್ದೆಗಳಿಗೆ ಹರಿಯುತ್ತದೆ. ನಿಮ್ಮ ರೇಡಿಯೇಟರಿಗೆ ಮಾತ್ರ ಈಗ ಒಂದು ಲೋಟವೂ ಸಲ್ಲದು. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಹೆಡ್ ಬಿರುಕು ಬಿಟ್ಟೀತು.

ಗೂಡಲೂರಿನಿಂದ ಬೈಕಿನಲ್ಲಿ ಬಂದ ಮೆಕ್ಯಾನಿಕ್ ನಿಮ್ಮ ಮಾತು ಕಿವಿಗೆ ಬಿದ್ದೊಡನೆ ಕನ್ನಡಕ್ಕೆ ಹೊರಳುತ್ತಾರೆ. ಈ ಕಣಿವೆಯ ಒಕ್ಕಲಿಗರ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡ ಉಳಿದುಬಂದಿದೆ. "ಮುಚ್ಚಳ ಮುಟ್ಟಬೇಡಿ ಅಣ್ಣಾ, ಆರಲಿ."

ಅವರ ಎಚ್ಚರಿಕೆಗೆ ಕಾರಣವಿದೆ. ಮುಚ್ಚಳ 7 ಪೌಂಡ್ ಒತ್ತಡ ಹಿಡಿದಿಟ್ಟರೆ ನೀರು ಸುಮಾರು 110 ಡಿಗ್ರಿವರೆಗೂ ಕುದಿಯದೆ ಇರುತ್ತದೆ. ಬಿಸಿಯಲ್ಲೇ ತೆರೆದರೆ ಒತ್ತಡ ಕಳಚಿ, ಒಳಗಿದ್ದದ್ದು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಕಾಯುತ್ತೀರಿ. ಆರಿದ ಮೇಲೆ ಅವರು ಮೊದಲು ಡಿಪ್‌ಸ್ಟಿಕ್ ಎಳೆದು ಬೆರಳಿಗೆ ಸವರುತ್ತಾರೆ. ಆಯಿಲ್ ಕಪ್ಪಗಿದೆ, ಹಾಲು ಬೆರೆಸಿದ ಚಹಾದಂತಿಲ್ಲ. ನೀರು ಎಣ್ಣೆಗೆ ಸೇರಿಲ್ಲ. ಆಮೇಲೆ ವಾಟರ್ ಪಂಪಿನ ಕೆಳಗೆ ಕೈಯಾಡಿಸುತ್ತಾರೆ. ಒಣಗಿದೆ. ಟಾರ್ಚು ಕೆಳಗಿನ ಹೋಸಿನತ್ತ ತಿರುಗುತ್ತದೆ. ಕ್ಲಾಂಪಿನ ಅಂಚಿನಲ್ಲಿ ಹಸಿರು ಮಿಶ್ರಿತ ಬಿಳಿ ಪುಡಿ ಗಟ್ಟಿಕಟ್ಟಿದೆ. ಹೋಸ್ ಹಿಂಡಿದರೆ ರಬ್ಬರಿನ ತುದಿಯಲ್ಲಿ ಕೂದಲೆಳೆಯ ಸೀಳು ಬಾಯಿಬಿಡುತ್ತದೆ, ಒಂದು ಹನಿ ಮೂಡಿ ಜಾರುತ್ತದೆ.

ಅಷ್ಟರಲ್ಲಿ ನಿಂತ ಜೀಪಿನ ಚಾಲಕರು "ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿ" ಅನ್ನುತ್ತಾರೆ. ನಮ್ಮ ರಸ್ತೆಗಳ ಹಳೆಯ ಮದ್ದು ಅದು; ರೇಡಿಯೇಟರಿನ ಸೂಜಿತೂತನ್ನು ಅದು ಮುಚ್ಚುವುದೂ ಉಂಟು. ಆದರೆ ಸೀಳಿದ ಹೋಸಿಗೆ ಅದು ಆಗದು, ಜೊತೆಗೆ ಸಣ್ಣ ಕೊಳವೆಗಳಲ್ಲಿ ಗಸಿಯಾಗಿ ಕೂತು ಮುಂದಿನ ಬೇಸಿಗೆಗೆ ಎಂಜಿನ್ನನ್ನೇ ಕಾಯಿಸುತ್ತದೆ. ಊರು ಮುಟ್ಟಲು ಬೇರೆ ದಾರಿಯೇ ಇಲ್ಲದಾಗ ಹಾಕಿ, ಮುಟ್ಟಿದ ದಿನವೇ ತೊಳೆಸಿ.

ಮೆಕ್ಯಾನಿಕ್ ಕ್ಲಾಂಪ್ ಸಡಿಲಿಸಿ, ಹೋಸ್ ಎಳೆದು, ಸೀಳಿದ ತುದಿಯನ್ನು ಹ್ಯಾಕ್ಸಾ ಬ್ಲೇಡಿನಿಂದ ಒಂದಿಂಚು ಕುಯ್ಯುತ್ತಾರೆ. ಪೈಪಿನ ಬಾಯಿ ಒರೆಸಿ, ಹೋಸ್ ತೂರಿಸಿ, ಹೊಸ ಕ್ಲಾಂಪ್ ಬಿಗಿಯುತ್ತಾರೆ. ಎಂಜಿನ್ ನಿಧಾನ ಓಡುತ್ತಿರುವಾಗಲೇ ನೀರು ಹುಯ್ಯುತ್ತಾ ಬಾಯಿಯೊಳಗೆ ಇಣುಕುತ್ತಾರೆ. ಗುಳ್ಳೆ ಎಡೆಬಿಡದೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಶಂಕೆ. ನಾಲ್ಕಾರು ಗುಳ್ಳೆ ಬಂದು ನಿಲ್ಲುತ್ತವೆ. ಸಿಕ್ಕಿಕೊಂಡಿದ್ದ ಗಾಳಿ ಅಷ್ಟೇ.

ಈಗ ಕುಮಳಿಗೆ ಏರಬೇಡಿ, ಕಂಬಂಗೆ ಇಳಿಯಿರಿ. ಅಲ್ಲಿ ಹೋಸ್ ಎರಡನ್ನೂ ಬದಲಿಸಿ, ಬೋರ್ ನೀರಿನ ಬದಲು ಡಿಸ್ಟಿಲ್ಡ್ ನೀರು ಮತ್ತು ಕೂಲಂಟ್ ಸಮಪಾಲು ಹಾಕಿಸಿ. ಬಸಿದ ಹಳೆಯ ಕೂಲಂಟನ್ನು ಕ್ಯಾನಿನಲ್ಲೇ ಹಿಡಿಯಿರಿ. ಅದು ಸಿಹಿ, ಬೀದಿನಾಯಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ.