ಆರಿದ್ರೆಯ ಮಾರನೆಯ ದಿನ

ಮನುಷ್ಯನು ಒಮ್ಮೆ ಮಾತ್ರ ಹುಟ್ಟುತ್ತಾನೆಂಬುದು ಲೋಕದ ನಂಬಿಕೆಯಾಗಿದ್ದರೂ, ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಒಕ್ಕಲು ಮನೆಯಲ್ಲಿ ವಿಕೃತಿ ಸಂವತ್ಸರದಲ್ಲಿ ಜನಿಸಿದ ನಾನು ಎರಡು ಸಲ ಹುಟ್ಟಿದೆನು: ಮೊದಲು ತಾಯಿಯ ಗರ್ಭದಿಂದ, ಆಮೇಲೆ ಶಾಲೆಯ ದಾಖಲಾತಿ ಪುಸ್ತಕದಿಂದ. ದ್ವಿಜನಾಗಲು ಉಪನಯನವೇ ಆಗಬೇಕೆಂದಿಲ್ಲ. ಮೇಷ್ಟರ ಲೇಖನಿಯೊಂದಿದ್ದರೆ ಸಾಕು.

ಅಪ್ಪನು ನನ್ನ ಕೈ ಹಿಡಿದುಕೊಂಡು ಶಾಲೆಯ ಜಗುಲಿ ಹತ್ತಿದಾಗ, ಮೇಷ್ಟರು ಪುಸ್ತಕದಿಂದ ತಲೆಯೆತ್ತದೆಯೇ, “ಹುಡುಗ ಹುಟ್ಟಿದ ತಾರೀಖು ಯಾವುದಯ್ಯ?” ಎಂದರು.

“ತಾರೀಖೆಲ್ಲ ನಮಗೆಲ್ಲಿ ಗೊತ್ತು ಸ್ವಾಮಿ? ಆರಿದ್ರೆ ಮಳೆ ಹುಟ್ಟಿದ ಮಾರನೇ ದಿನ, ಕೋಳಿ ಕೂಗೋ ಹೊತ್ತಲ್ಲಿ ಅಂತ ನಮ್ಮವ್ವ ಹೇಳ್ತಾಳೆ.”

ಆರಿದ್ರೆಗೂ ಕೋಳಿಗೂ ಆ ಅಂಕಣದಲ್ಲಿ ಸ್ಥಳವಿರಲಿಲ್ಲವಾದ್ದರಿಂದ ಮೇಷ್ಟರು ಕ್ಷಣಕಾಲ ನನ್ನ ಎತ್ತರವನ್ನು ಕಣ್ಣಿನಲ್ಲೇ ಅಳೆದು, 1950ನೆಯ ಇಸವಿ ಜೂನ್ 1 ಎಂದು ಬರೆದು, ಶಾಯಿಯ ಮೇಲೆ ಒತ್ತುಕಾಗದವನ್ನಿಟ್ಟು ನನ್ನ ಜನನವನ್ನು ಒಣಗಿಸಿದರು. ನನ್ನ ತರಗತಿಯ ಅರ್ಧಕ್ಕರ್ಧ ಹುಡುಗರು ಹುಟ್ಟಿದ್ದೂ ಅದೇ ಜೂನ್ ಒಂದರಂದೇ ಎಂದು ಮುಂದೆ ತಿಳಿದುಬಂದಾಗ, ಆ ಒಂದು ದಿನ ನಮ್ಮ ಸೀಮೆಯ ಸೂಲಗಿತ್ತಿಯರಿಗೆ ಉಸಿರಾಡಲೂ ಬಿಡುವಿದ್ದಿರಲಾರದೆಂದು ಮರುಗಿದೆನು.

ನಾಲ್ಕಾರು ವರ್ಷಗಳ ತರುವಾಯ ಇಂಗ್ಲಿಷು ನಮ್ಮನ್ನು ಬಂದು ಹಿಡಿಯಿತು. ವಾರಗಳಲ್ಲಿ ಬುಧವಾರವೊಂದೇ ಕಂಟಕ: ಬರೆಯುವಾಗ ಇರುವ ಅಕ್ಷರ ಉಚ್ಚರಿಸುವಾಗ ಮಾಯವಾಗುವುದರಿಂದ, ನಾವು ಯಾವುದಕ್ಕೂ ಇರಲೆಂದು ‘ವೆಡ್-ನೆಸ್-ಡೇ’ ಎಂದು ಮೂರು ತುಂಡು ಮಾಡಿ ಪಠಿಸುತ್ತಿದ್ದೆವು. ತಿಂಗಳ ದಿನಗಳನ್ನು ಮುಷ್ಟಿಯ ಗೆಣ್ಣುಗಳ ಮೇಲೆ ಎಣಿಸಿದೆವು. ಗಡಿಯಾರದ ಪಾಠವಂತೂ ತತ್ತ್ವಶಾಸ್ತ್ರವೇ ಸರಿ. ‘ಹತ್ತೂಮುಕ್ಕಾಲು’ ಎಂದು ಕೈಗೆ ಬಂದ ಕಾಲವನ್ನು ಲಾಭವೆಂದು ಎಣಿಸಿಕೊಳ್ಳುವ ನಮಗೆ, ಇನ್ನೂ ಬಾರದ ಹನ್ನೊಂದರ ಬಾಗಿಲಲ್ಲಿ ನಿಂತು ‘ಕ್ವಾರ್ಟರ್ ಟು ಇಲೆವೆನ್’ ಎನ್ನುವ ಆಂಗ್ಲರ ಗಣಿತವು ಬಾಕಿ ವಸೂಲಿಗೆ ಬಂದ ಸಾಹುಕಾರನ ಗಣಿತದಂತೆ ತೋರುತ್ತಿತ್ತು. ‘ನಾಡಿದ್ದು’ ಎಂಬ ನಮ್ಮ ಒಂದು ಶಬ್ದಕ್ಕೆ ‘ಡೇ ಆಫ್ಟರ್ ಟುಮಾರೋ’ ಎಂದು ಮೂರು ಶಬ್ದಗಳನ್ನು ತೆತ್ತ ಮೇಲೆ ‘ಆಚೆ ನಾಡಿದ್ದಿ’ಗೆ ಏನು ತೆರಬೇಕೋ ಎಂದು ಹೆದರಿ ನಾನು ಕೇಳಲೇ ಇಲ್ಲ.

ಆದರೆ ನಾನು ಬಿದ್ದದ್ದು ತಾರೀಖಿನ ಬಾಲದಲ್ಲಿ. ಫೋರ್ತ್, ಫಿಫ್ತ್, ಸಿಕ್ಸ್ತ್ ಎಂದು ಒಂದೇ ಬಗೆಯ ಬಾಲವನ್ನು ಹಚ್ಚಿಕೊಂಡು ಸಂಖ್ಯೆಗಳು ಶಿಸ್ತಿನಿಂದ ಸಾಗುತ್ತಿರುವಾಗ ಇಪ್ಪತ್ತರಾಚೆ ಅವು ಪುನಃ ಫರ್ಸ್ಟ್, ಸೆಕೆಂಡ್, ಥರ್ಡ್ ಎಂದು ಹಳೆಯ ಚಾಳಿಗೆ ಮರಳುತ್ತವೆಂದು ನನಗೆ ಹೊಳೆಯದೆ, ಕರಿಹಲಗೆಯ ಮುಂದೆ ನಿಂತು ‘ಟ್ವೆಂಟಿ ತ್ರೀತ್’ ಎಂದು ಬಿಟ್ಟೆನು. ಬೆತ್ತದ ಏಟು ಅಂಗೈಯಲ್ಲಿ ಆರಿದರೂ ಆ ಸಂಖ್ಯೆ ಆರಲಿಲ್ಲ.

ಸಂಜೆ ಪಡಸಾಲೆಯಲ್ಲಿ ಕುಳಿತು ಜನವರಿ, ಫೆಬ್ರುವರಿ ಎಂದು ನಾನು ಗಟ್ಟಿ ಮಾಡುತ್ತಿದ್ದರೆ, ಎದುರಿಗೆ ರಾಗಿ ಕೇರುತ್ತಿದ್ದ ಅಜ್ಜಿ ಮೊರದ ತಾಳಕ್ಕೆ ಸರಿಯಾಗಿ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ತನ್ನ ಪಾಠವನ್ನೊಪ್ಪಿಸುತ್ತಿದ್ದಳು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆಯೆಂಬ ಗಾದೆಯೇ ಅವಳ ವ್ಯಾಕರಣ.

“ನಿನ್ನ ಜೂನು ಬಂದ್ರೆ ಮಳೆ ಬರ್ತದೇನೋ ಮಗ?”

“ಬರ್ತದೆ ಅಜ್ಜಿ.”

“ಹಂಗಾದ್ರೆ ಅದೂ ಒಂದು ನಕ್ಷತ್ರ ಬಿಡು.”

ಅವಳ ಅಜ್ಞಾನಕ್ಕೆ ಅಂದು ನಕ್ಕೆನು. ಆ ನಗೆಯ ಸಾಲವನ್ನು ತೀರಿಸಲು ನನಗೆ ಅರ್ಧ ಆಯುಷ್ಯ ಹಿಡಿಯಿತು.

ಉದ್ಯೋಗಕ್ಕೆ ಸೇರಿ, ಓದುವ ಹವ್ಯಾಸ ಹತ್ತಿದ ಮೇಲೆ, ಪರಕೀಯವೆಂದು ಬಾಯಿಪಾಠ ಮಾಡಿದ ಶಬ್ದಗಳೆಲ್ಲ ಒಂದೊಂದಾಗಿ ನೆಂಟರಾಗತೊಡಗಿದವು. ಸೆಪ್ಟೆಂಬರಿನಲ್ಲಿ ಸಪ್ತ, ಅಕ್ಟೋಬರಿನಲ್ಲಿ ಅಷ್ಟ, ನವೆಂಬರಿನಲ್ಲಿ ನವ, ಡಿಸೆಂಬರಿನಲ್ಲಿ ದಶ ಅಡಗಿ ಕುಳಿತಿದ್ದರೂ ಅವು ಒಂಬತ್ತರಿಂದ ಹನ್ನೆರಡನೆಯ ತಿಂಗಳುಗಳಾದದ್ದು ಹೇಗೆಂದರೆ, ರೋಮನರ ಹಳೆಯ ವರ್ಷವು ಮಾರ್ಚಿನಲ್ಲಿ, ಎಂದರೆ ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ, ಆರಂಭವಾಗುತ್ತಿತ್ತು. ಮಂಗಳವಾರಕ್ಕೆ ಆಂಗ್ಲರು ತಮ್ಮ ಪೂರ್ವಿಕರ ಯುದ್ಧದೇವತೆಯಾದ ಟೀವನ ಹೆಸರಿಟ್ಟರೆ, ನಮ್ಮ ತಾಲ್ಲೂಕಿನ ಜನ ಅದೇ ಮಂಗಳವಾರ ದೇವಸೇನಾನಿಯಾದ ಘಾಟಿ ಸುಬ್ರಹ್ಮಣ್ಯನಿಗೆ ಹಣ್ಣುಕಾಯಿ ಒಯ್ಯುತ್ತಾರೆ. ದಿನಕ್ಕೆ ಅರವತ್ತು ಘಟಿಗಳೆಂದೂ ಘಟಿಯೊಂದಕ್ಕೆ ಇಪ್ಪತ್ನಾಲ್ಕು ನಿಮಿಷಗಳೆಂದೂ ಕೇಳಿದ್ದ ನಾನು, ಬಾಲ್ಯದಲ್ಲಿ ಘಾಟಿಯ ದೇವರನ್ನು ಗಡಿಯಾರದ ದೇವರೆಂದೇ ತಿಳಿದು, ಪರೀಕ್ಷೆಯ ಹಾಲಿನಲ್ಲಿ ಕಾಲವನ್ನು ಸ್ವಲ್ಪ ನಿಧಾನ ಮಾಡೆಂದು ಹರಕೆ ಹೊತ್ತದ್ದೂ ಉಂಟು.

ಪಂಚಾಂಗವನ್ನು ತಿದ್ದಿದ ಮಹಾನುಭಾವನೊಬ್ಬನು ನಮ್ಮ ನೆರೆಯಲ್ಲೇ, ದೇವನಹಳ್ಳಿಯಲ್ಲಿ, ಹುಟ್ಟಿದ್ದನು. ಟಿಪ್ಪು ಸುಲ್ತಾನನು ಈ ಸೀಮೆಯ ಚಾಂದ್ರಮಾನದ ಹನ್ನೆರಡು ಮಾಸಗಳ ಚೌಕಟ್ಟನ್ನು ಹಾಗೆಯೇ ಇಟ್ಟುಕೊಂಡು, ಚೈತ್ರಕ್ಕೆ ಅಹ್ಮದಿ, ವೈಶಾಖಕ್ಕೆ ಬಹಾರಿ ಎಂದು ಹೊಸ ನಾಮಕರಣ ಮಾಡಿ, ಹೆಸರಿನ ಮೊದಲಕ್ಷರಗಳಿಂದಲೇ ಮಾಸದ ಸಂಖ್ಯೆ ತಿಳಿಯುವಂತೆ ಅರಬ್ಬೀ ಅಕ್ಷರಗಣಿತವನ್ನು ಅಳವಡಿಸಿದನು. ಮೌಲೂದಿ ಶಕೆಯ ಅಂಕೆಗಳನ್ನು ನಾಣ್ಯಗಳ ಮೇಲೆ ಬಲದಿಂದ ಎಡಕ್ಕೆ ಬರೆಯಿಸಿದನು. 1799ರಲ್ಲಿ ಶ್ರೀರಂಗಪಟ್ಟಣವು ಬೀಳದಿದ್ದಿದ್ದರೆ ನಮ್ಮ ಬೆತ್ತದ ಏಟುಗಳು ಬೇರೆ ಹೆಸರುಗಳಿಗಾಗಿ ಬೀಳುತ್ತಿದ್ದವೇ ಹೊರತು ತಪ್ಪುತ್ತಿರಲಿಲ್ಲ.

ಕಾಲವನ್ನು ತಿದ್ದುವ ಚಪಲ ದೊರೆಗಳಿಗಷ್ಟೇ ಅಲ್ಲ, ಪಾರ್ಲಿಮೆಂಟಿಗೂ ಇತ್ತು. 1752ರ ಸೆಪ್ಟೆಂಬರ್ 2ರ ರಾತ್ರಿ ಮಲಗಿದ ಇಂಗ್ಲೆಂಡಿನ ಪ್ರಜೆಗಳು ಬೆಳಗ್ಗೆ ಎದ್ದದ್ದು 14ರಂದು. ಗ್ರೆಗೋರಿಯನ್ ಲೆಕ್ಕಕ್ಕೆ ಹೊಂದಿಕೊಳ್ಳಲು ಹನ್ನೊಂದು ದಿನಗಳನ್ನು ಕಾನೂನೇ ನುಂಗಿತ್ತು. ಇದನ್ನೋದಿದಾಗಲೇ ನನ್ನ ಬಳಿಯಿಂದ ಮೇಷ್ಟರು ನುಂಗಿದ ದಿನಗಳೆಷ್ಟೆಂದು ಎಣಿಸುವ ಆಸೆ ಹುಟ್ಟಿದ್ದು.

ಅದು ಸಾಧ್ಯವೆಂದು ನಾನು ಭಾವಿಸಿರಲಿಲ್ಲ. ತಿಥಿಯನ್ನು ನಂಬಿದರೆ ತಾರೀಖು ನಿಲ್ಲುವುದಿಲ್ಲ. ಚಾಂದ್ರವರ್ಷವು ಸೌರವರ್ಷಕ್ಕಿಂತ ಹನ್ನೊಂದು ದಿನ ಗಿಡ್ಡ. ಅಧಿಕಮಾಸ ಬಂದು ಅದನ್ನು ಎಳೆದು ನಿಲ್ಲಿಸುವವರೆಗೂ ಹಿಂದಕ್ಕೆ ಜಾರುತ್ತದೆ. ಪುಷ್ಯ ಶುದ್ಧ ಷಷ್ಠಿಯ ಘಾಟಿಯ ರಥ ಒಂದು ವರ್ಷ ಡಿಸೆಂಬರಿನಲ್ಲಿ, ಇನ್ನೊಂದು ವರ್ಷ ಜನವರಿಯಲ್ಲಿ ಹರಿಯುವುದು ಇದರಿಂದಲೇ. ಆದರೆ ಒಕ್ಕಲಿಗನ ಮಳೆ ನಕ್ಷತ್ರವು ಚಂದ್ರನದಲ್ಲ, ಸೂರ್ಯನದು: ಸೂರ್ಯನು ಇಪ್ಪತ್ತೇಳು ನಕ್ಷತ್ರಗಳನ್ನು ಒಂದೊಂದಾಗಿ ಹದಿಮೂರು ಹದಿನಾಲ್ಕು ದಿನಗಳಲ್ಲಿ ದಾಟುವ ಲೆಕ್ಕ. ಜನವರಿಯೂ ಸೂರ್ಯನದೇ ಲೆಕ್ಕವಾದುದರಿಂದ, ಮಕರ ಸಂಕ್ರಾಂತಿಯು 14ರ ಆಸುಪಾಸಿನಲ್ಲೇ ನಿಲ್ಲುವಂತೆ, ಆರಿದ್ರೆಯೂ ಪ್ರತಿವರ್ಷ ಒಂದು ದಿನದ ಹೆಚ್ಚುಕಡಿಮೆಯಲ್ಲಿ ಜೂನ್ 22ಕ್ಕೆ ಹುಟ್ಟುತ್ತದೆ. ಅಕ್ಷರ ಕಲಿಯದ ಅಜ್ಜಿಯು ಮೊರದ ಹಿಂದೆ ಕುಳಿತು ಹೇಳಿದ್ದು ಅಕ್ಷರಶಃ ನಿಜ: ಜೂನೂ ಒಂದು ನಕ್ಷತ್ರವೇ. ಅಪ್ಪನು ಮೇಷ್ಟರಿಗೆ ಹೇಳಿದ್ದು ತಾರೀಖನ್ನೇ, ತಪ್ಪಿದ್ದು ಭಾಷಾಂತರ.

ಆರಿದ್ರೆಯ ಮಾರನೆಯ ದಿನವೆಂದರೆ ಜೂನ್ 23. ಪಾರ್ಲಿಮೆಂಟು ಕದ್ದದ್ದು ಹನ್ನೊಂದು ದಿನವಾದರೆ ನಮ್ಮ ಮೇಷ್ಟರು ಸರಿಯಾಗಿ ಅದರ ಇಮ್ಮಡಿ ಕದ್ದಿದ್ದರು. ಕರಿಹಲಗೆಯ ಮುಂದೆ ನಾನು ಏಟು ತಿಂದದ್ದು ನನ್ನ ಹುಟ್ಟುಹಬ್ಬವನ್ನು ಹೇಳಲು ಬಾರದೆ.

ಸರ್ಕಾರವಾದರೋ ಮೇಷ್ಟರನ್ನೇ ನಂಬಿತು. ಒಂದನೆಯ ತಾರೀಖಿನಂದು ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬ ನಿಯಮದಂತೆ 2008ರ ಮೇ 31ರಂದು, ನನ್ನಂತೆಯೇ ಜೂನ್ ಒಂದರಂದು ಹುಟ್ಟಿಸಲ್ಪಟ್ಟ ಗೆಳೆಯರ ಸಾಲಿನಲ್ಲಿ ನಿಂತು, ಗಂಧದ ಹಾರ ಹಾಕಿಸಿಕೊಂಡು ಮನೆಗೆ ಬಂದೆನು. ಈಗ ಪ್ರತಿವರ್ಷ ಜೂನ್ 23ರ ಬೆಳಗಿನ ಜಾವಕ್ಕೆ ಎಚ್ಚರಗೊಂಡು, ಯಾರೂ ಕೇಳದಂತೆ ‘ಟ್ವೆಂಟಿ ಥರ್ಡ್’ ಎಂದು ಒಮ್ಮೆ ಶುದ್ಧವಾಗಿ ಉಚ್ಚರಿಸಿ, ಬಾಗಿಲು ತೆರೆದು ಆಕಾಶವನ್ನು ನೋಡುತ್ತೇನೆ. ಅಂಗಳ ತೊಯ್ದಿದ್ದರೆ ನಾನು ಹುಟ್ಟಿದ್ದೇನೆಂದು ಸಮಾಧಾನ. ಒಣಗಿದ್ದರೆ, ಆ ವರ್ಷದ ಮಟ್ಟಿಗೆ ಮೇಷ್ಟರು ಬರೆದದ್ದೇ ಸರಿಯೆಂದು ಒಪ್ಪಿಕೊಂಡು ಬಾಗಿಲು ಮುಚ್ಚುತ್ತೇನೆ.